ಮನೆ ನೋಡುವ ದಿನದ ಸೋಫಾ

ಆದೋನಿಯ ಉಚ್ಚೀರಪ್ಪನ ಕಸುಬು ಜನರನ್ನು ಕೂರಿಸುವುದು. ಮದುವೆಯಾಗಲಿ, ತಿಥಿಯಾಗಲಿ, ಪಾರ್ಟಿ ಮೀಟಿಂಗಾಗಲಿ, ಕುರ್ಚಿ ಅವನದೇ. ಹತ್ತಿ ರೇಟಿಗಾಗಿ ನಾವು ಧರಣಿ ಕೂತಾಗಲೂ ಶಾಮಿಯಾನ ಅವನದೇ ಇತ್ತು. ಪೊಲೀಸರು ಬಂದು ನಮ್ಮನ್ನು ಎಳೆದು ವ್ಯಾನಿಗೆ ತುಂಬುವಾಗ ಉಚ್ಚೀರಪ್ಪ ಅಡ್ಡ ಬಂದು ಕೈಮುಗಿದು ನಿಂತ. ಭೇಷ್, ಇವನೂ ಹೋರಾಟಕ್ಕೆ ಇಳಿದ ಅಂದುಕೊಂಡೆವು. ಅವನು ಇನ್ಸ್‌ಪೆಕ್ಟರ್ ಹತ್ತಿರ ಬೇಡಿಕೊಳ್ಳುತ್ತಿದ್ದುದು ಇಷ್ಟೇ: ಜನರನ್ನು ಹೆಂಗಾದರೂ ಎಳೆಯಿರಿ, ಶಾಮಿಯಾನದ ಗಳ ಮಾತ್ರ ಸಾವಕಾಶ ಕೀಳಿರಿ, ಬಿದಿರು ಸೀಳುತ್ತದೆ.

ಹುಟ್ಟಿದ್ದು ಪೆದ್ದಹರಿವಾಣದ ಕುರಿ ಸಾಕುವವರ ಮನೆಯಲ್ಲಿ. ಹತ್ತನೇ ಕ್ಲಾಸು ಎರಡು ಸಲ ಫೇಲಾಗಿ ಆದೋನಿಗೆ ಬಂದು ಟೆಂಟ್ ಹೌಸೊಂದರಲ್ಲಿ ಕುರ್ಚಿ ಒರೆಸುವ ಕೆಲಸಕ್ಕೆ ಸೇರಿದ. ಮಾಲೀಕ ಸತ್ತ ಮೇಲೆ ಅವನ ಮಕ್ಕಳು ಸಾಮಾನು ಮಾರಲು ನಿಂತಾಗ, ಇವನು ತನ್ನ ಪಾಲಿನ ಕುರಿಗಳನ್ನು ಮಾರಿ ಕುರ್ಚಿ ಕೊಂಡ. ಕುರಿಯಾದರೆ ಮರಿ ಹಾಕುತ್ತದೆ, ಕುರ್ಚಿ ಏನು ಹಾಕುತ್ತದೆ ಎಂದು ಅವನ ತಾಯಿ ಮೂರು ವರ್ಷ ಮಾತು ಬಿಟ್ಟಿದ್ದಳು.

ಕುರ್ಚಿ ಮರಿ ಹಾಕಿತು. ಅದು ಹೆಂಗೆ ಅಂತ ಹೇಳುತ್ತೇನೆ.

ನಮ್ಮ ಕಡೆ ಹುಡುಗಿ ನೋಡುವುದು ಒಂದು ದಿನ, ಮನೆ ನೋಡುವುದು ಇನ್ನೊಂದು ದಿನ. ಗಂಡಿನವರು ಬಂದು ಹುಡುಗಿಯನ್ನು ಒಪ್ಪಿದ ಮೇಲೆ ಹೆಣ್ಣಿನವರು ಒಂದು ಜೀಪು ತುಂಬ ಹೋಗಿ ಗಂಡಿನ ಮನೆ ನೋಡಿ ಬರುತ್ತಾರೆ. ಹಿಂದೆ ಹಗೇವಿನಲ್ಲಿ ಜೋಳ ಎಷ್ಟಿದೆ, ಹಟ್ಟಿಯಲ್ಲಿ ಕುರಿ ಎಷ್ಟಿವೆ, ಬಾವಿಯಲ್ಲಿ ನೀರು ಎಷ್ಟಿದೆ ನೋಡುತ್ತಿದ್ದರು. ಈಗ ಹಾಲ್ ನೋಡುತ್ತಾರೆ. ಹೆಣ್ಣುಮಕ್ಕಳು ಫೋನು ಹಿಡಿದು ಹಾಲಿನ ನಾಲ್ಕು ಗೋಡೆ ವಿಡಿಯೋ ಮಾಡಿಕೊಂಡು ಬಂದು ಹುಡುಗಿಗೆ ತೋರಿಸುತ್ತಾರೆ. ಜೋಳದ ವಿಡಿಯೋ ಯಾರಿಗೆ ಬೇಕು?

ಆರೇಳು ವರ್ಷದ ಹಿಂದೆ ಒಬ್ಬ ರೈತ ಬಂದು, ಮದುವೆ ಸ್ಟೇಜಿನ ಮೇಲೆ ಗಂಡು ಹೆಣ್ಣು ಕೂರುವ ಕೆಂಪು ಮಖಮಲ್ಲಿನ ರಾಜಾ-ರಾಣಿ ಕುರ್ಚಿ ಒಂದು ದಿನದ ಮಟ್ಟಿಗೆ ಮನೆಗೆ ಬೇಕು ಅಂದ. ಮನೆಯಲ್ಲಿ ಯಾರ ಮದುವೆ ಎಂದು ಕೇಳಿದರೆ ಮದುವೆ ಇಲ್ಲ, ನಾಳೆ ಬೀಗರು ಮನೆ ನೋಡಲು ಬರುತ್ತಾರೆ ಎಂದ. ಉಚ್ಚೀರಪ್ಪ ಕೊಟ್ಟ. ಸಂಬಂಧ ಕೂಡಿತು. ವಾರದೊಳಗೆ ಇನ್ನಿಬ್ಬರು ಬಂದರು.

ಆಗ ಕಾಲೇಜಿಗೆ ಹೋಗುತ್ತಿದ್ದ ಮಗಳು ಹಾರಿಕಾ ಅಪ್ಪನಿಗೆ ಬುದ್ಧಿ ಹೇಳಿದಳು. ಮನೆಯೊಳಗೆ ಸಿಂಹಾಸನ ಯಾರೂ ಇಡುವುದಿಲ್ಲ, ಈಗಿನ ಮನೆಗಳು ಹೀಗಿರುತ್ತವೆ ನೋಡು ಎಂದು ಫೋನು ತೋರಿಸಿದಳು. ಉಚ್ಚೀರಪ್ಪ ಎಲ್ ಆಕಾರದ ಬೂದು ಬಣ್ಣದ ಸೋಫಾ ತಂದ. ಗಾಜಿನ ಟೀಪಾಯಿ, ಗೋಡೆಗೆ ಆನಿಸಿ ನಿಲ್ಲಿಸುವ ಟಿವಿ ಯೂನಿಟ್, ಅದರ ಹಿಂದೆ ಉರಿಯುವ ನೀಲಿ ಲೈಟು, ಕಲ್ಲಿನಂತೆ ಕಾಣುವ ವಾಲ್‌ಪೇಪರ್, ಉದ್ದನೆಯ ಪರದೆ, ಪ್ಲಾಸ್ಟಿಕ್ ಗಿಡ, ಕಣ್ಣು ಮುಚ್ಚಿದ ಒಂದು ಬುದ್ಧನ ತಲೆ. ಇದು ಎ ಸೆಟ್ಟು. ಸ್ವಲ್ಪ ಕಡಿಮೆ ಅನುಕೂಲದವರಿಗೆ ಬಿ ಸೆಟ್ಟು; ಅದರಲ್ಲಿ ಬುದ್ಧನ ಬದಲು ಓಡುವ ಏಳು ಕುದುರೆಗಳ ಚಿತ್ರ. ಎಲ್ಲ ಸಾಮಾನಿನ ತಳಕ್ಕೂ ಬಿಳಿ ಬಣ್ಣದಲ್ಲಿ ಎ, ಬಿ ಅಂತ ಬರೆದಿಟ್ಟ.

ಫ್ಯಾಶನ್ನು ಪ್ರತಿ ವರ್ಷ ಬದಲಾಗುತ್ತಿತ್ತು. ಒಂದು ವರ್ಷ ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಬೇಕು ಎಂದರು, ತಂದು ಕೊಟ್ಟ. ಗಂಡಿನ ಮನೆಯ ಮೇಕೆ ಅರ್ಧ ಹಾಲ್ ಮೇಯ್ದು ಹಾಕಿತು. ಬುದ್ಧನ ತಲೆ ಹೋದ ಮನೆಯಿಂದೆಲ್ಲ ವಿಭೂತಿ ಕುಂಕುಮ ಬಳಿದುಕೊಂಡು ಬರುತ್ತಿತ್ತು, ಒಮ್ಮೆ ತೆಂಗಿನಕಾಯಿ ಒಡೆದದ್ದಕ್ಕೆ ಹಣೆ ಸೀಳಿ ಬಂದಿತ್ತು. ಈಚೆಗೆ ಹಾರಿಕಾ, ಈಗ ಹಾಲಿನಲ್ಲಿ ಏನೂ ಇಡದೆ ಖಾಲಿ ಬಿಡುವುದೇ ಟ್ರೆಂಡು ಅಂದಾಗ ಉಚ್ಚೀರಪ್ಪ ಗಾಬರಿಯಾದ.

"ಏನೂ ಇಲ್ಲದಿರಾದ ಟ್ರೆಂಡ್ ಆದ್ರ ಪೆದ್ದಹರಿವಾಣದಾಗ ಅರ್ಧ ಊರು ಟ್ರೆಂಡಿನಾಗ ಐತಿ. ನಾ ಏನು ಬಾಡಿಗಿ ಕೊಡ್ಲಿ?" ಎಂದ.

ಈ ಕಸುಬಿಗೆ ಅವನದೊಂದು ಕಟ್ಟಳೆ ಇತ್ತು. ಸಾಮಾನು ಯಾರ ಮನೆಗೆ ಹೋಗುತ್ತದೆಂದು ಕೇಳಬಾರದು, ಗೊತ್ತಾದರೂ ಹೇಳಬಾರದು. ಸೆಟ್ಟಿನ ಜೊತೆ ಯಾವ ಮನೆಗೂ ತಾನು ಹೋಗುತ್ತಲೇ ಇರಲಿಲ್ಲ. ಆಲೂರು ಕಡೆಗೆ ಬೇಕಾದಾಗ ಅಲ್ಲಿನ ಟೆಂಟ್ ಹೌಸಿನ ಯಂಕಣ್ಣ ಗೂಡ್ಸ್ ಆಟೋ ತಂದು ಸೆಟ್ಟು ಒಯ್ಯುತ್ತಿದ್ದ, ಮೂರು ದಿನ ಬಿಟ್ಟು ತಂದು ಇಳಿಸುತ್ತಿದ್ದ. ಎಲ್ಲಿಗೆ, ಯಾರಿಗೆ, ಮಾತಿಲ್ಲ. ಈ ಬಾಯಿ ಮುಚ್ಚುವ ಗುಣದಿಂದಲೇ ಉಚ್ಚೀರಪ್ಪನ ವ್ಯಾಪಾರ ನಡೆಯಿತು. ಅವನ ಮನೆಯಲ್ಲಿ ಮಾತ್ರ ಸೋಫಾ ಇರಲಿಲ್ಲ. ಮಡಚಿ ಒಟ್ಟಿದ ಕುರ್ಚಿಗಳ ನಡುವೆ ಸಿಕ್ಕಷ್ಟು ಜಾಗದಲ್ಲಿ ಗಂಡ, ಹೆಂಡತಿ ಪೀರಮ್ಮ ಮತ್ತು ಹಾರಿಕಾ ಬದುಕುತ್ತಿದ್ದರು.

ಹಾರಿಕಾ ಬಿಕಾಂ ಮುಗಿಸಿ ಇಪ್ಪತ್ತನಾಲ್ಕಕ್ಕೆ ಬಂದಾಗ ಕಷ್ಟ ಶುರುವಾಯಿತು. ಇಡೀ ಸೀಮೆಯ ಹಾಲ್‌ಗಳಲ್ಲಿ ಸುಳ್ಳು ಜೋಡಿಸಿದ ಮನುಷ್ಯನಿಗೆ ಯಾರ ಹಾಲನ್ನೂ ನಂಬಲು ಆಗಲಿಲ್ಲ. ಮೊದಲ ಸಂಬಂಧದ ಮನೆಯಲ್ಲಿ ಗೋಡೆಯ ಬಣ್ಣ ವಾಲ್‌ಪೇಪರ್ ಇರಬಹುದೆಂದು ಉಗುರು ಹಾಕಿ ಕೆರೆದ. ಅದು ನಿಜವಾದ ಬಣ್ಣ, ಎಂಟು ದಿನದ ಹಿಂದೆ ಬಳಿಸಿದ್ದು. ಆ ಮನೆಯವರು ಕೈಬಿಟ್ಟರು. ಎರಡನೆಯ ಮನೆಯಲ್ಲಿ ಎಲ್ಲರ ಮುಂದೆ ಸೋಫಾ ಅಡಿಮೇಲು ಮಾಡಿ ತಳದಲ್ಲಿ ಏನು ಬರೆದಿದೆ ನೋಡಿದ. ಏನೂ ಬರೆದಿರಲಿಲ್ಲ. ಸೋಫಾ ಅವರದೇ. ಆ ಸಂಬಂಧವೂ ಹೋಯಿತು. ಉಚ್ಚೀರಪ್ಪ ಹೆಣ್ಣಿನ ತಂದೆಯಾಗಿ ಬರುವುದಿಲ್ಲ, ಜಪ್ತಿ ಮಾಡುವ ಅಮೀನನಾಗಿ ಬರುತ್ತಾನೆ ಅಂತ ಬೀಗರ ವಲಯದಲ್ಲಿ ಸುದ್ದಿಯಾಯಿತು.

ಮೂರನೆಯದು ಆಲೂರಿನ ಜಗದೀಶನ ಸಂಬಂಧ. ದನ ಕುರಿಗಳ ಔಷಧದ ಅಂಗಡಿ ಇಟ್ಟುಕೊಂಡಿದ್ದ. ಅವನು, ಅವನ ಅಪ್ಪ ನಾಗಭೂಷಣ, ಅಜ್ಜಿ ಉರುಕುಂದಮ್ಮ ಮೂವರೂ ಆದೋನಿಗೆ ಬಂದು ಹುಡುಗಿ ನೋಡಿ ಹೋದರು. ಆ ದಿನ ಪೀರಮ್ಮ ಹಟ ಹಿಡಿದು ಕುರ್ಚಿಗಳನ್ನೆಲ್ಲ ಮಾಳಿಗೆಗೆ ಹಾಕಿಸಿ, ನಮ್ಮದೇ ಸಾಮಾನಲ್ಲವೇ ಎಂದು ಎ ಸೆಟ್ಟನ್ನು ತಮ್ಮ ಮನೆಯಲ್ಲೇ ಹೂಡಿಸಿದ್ದಳು. ಅವತ್ತಿನಿಂದ ಹಾರಿಕಾ ಮತ್ತು ಜಗದೀಶ ಒಂದು ತಿಂಗಳು ಫೋನಿನಲ್ಲಿ ಮಾತಾಡಿದರು. ಹಾರಿಕಾಗೆ ಹುಡುಗ ಪಸಂದಾಗಿದ್ದ. ಮನೆ ನೋಡಲು ಹೊರಟ ಬೆಳಿಗ್ಗೆ ಆಕೆ ಅಪ್ಪನ ಎರಡೂ ಕೈ ಹಿಡಿದುಕೊಂಡಳು.

"ಅಪ್ಪಾ, ನನಗ ಈ ಹುಡುಗ ಬೇಕು. ನೀ ಅಲ್ಲಿ ಗ್ವಾಡಿ ಮುಟ್ಟಬ್ಯಾಡ, ಸೋಫಾ ಎತ್ತಬ್ಯಾಡ. ಸುಮ್ಕ ಕುಂತು, ಹೂಂ ಅಂದು ಬಾ."

ಮುಂದೆ ಆಲೂರಿನಲ್ಲಿ ಆದದ್ದನ್ನು ನನಗೆ ಹೇಳಿದ್ದು ಪೀರಮ್ಮ. ಉಚ್ಚೀರಪ್ಪ ಅಂತಹ ವಿಷಯ ಇವತ್ತಿಗೂ ಬಾಯಿ ಬಿಡುವುದಿಲ್ಲ.

ಹನ್ನೊಂದು ಮಂದಿ ಜೀಪಿನಲ್ಲಿ ಹೋದರು. ಮುಂದಿನ ಸೀಟಿನಲ್ಲಿ ಪೀರಮ್ಮನ ಅಣ್ಣ ಭೀಮಲಿಂಗಪ್ಪ. ಪೆದ್ದಹರಿವಾಣದ ದೊಡ್ಡ ಕುಳ. ಮನೆ ನೋಡುವುದೆಂದರೆ ಅವನು ಬಂದು ಸೈ ಅನ್ನಬೇಕು. ಹುಡುಗಿ ನೋಡುವ ದಿನ ಅವನು ಉರುಕುಂದದ ಜಾತ್ರೆಗೆ ಹೋಗಿದ್ದರಿಂದ ಬೀಗರನ್ನು ನೋಡುವುದು ಇದೇ ಮೊದಲು. ಆಲೂರಿನ ಮನೆ ಹೊರಗಿನಿಂದ ಸಾದಾ ಇತ್ತು. ಒಳಗೆ ಕಾಲಿಟ್ಟ ಭೀಮಲಿಂಗಪ್ಪ ನಿಂತಲ್ಲೇ ಮೂರು ಸುತ್ತು ನೋಡಿದ. ಕಲ್ಲಿನ ಗೋಡೆ, ನೀಲಿ ಬೆಳಕು, ನೆಲ ಗುಡಿಸುವ ಪರದೆ.

ಉಚ್ಚೀರಪ್ಪ ನೋಡಿದ್ದು ಬುದ್ಧನ ಹಣೆ. ಸೀಳಿದ ಜಾಗಕ್ಕೆ ತಾನೇ ಹಚ್ಚಿದ್ದ ಸಿಮೆಂಟು.

ಸೋಫಾದ ಎಡಗೈ ಮೇಲೆ ಊದಿನಕಡ್ಡಿ ಸುಟ್ಟ ಕಲೆ. ಒಂದು ಕಾಲಿನ ಕೆಳಗೆ ಹಳೆ ಚಪ್ಪಲಿಯ ರಬ್ಬರು ತುಂಡು. ಅದು ಅವನದೇ ಚಪ್ಪಲಿ. ದಿಂಬುಗಳ ಹೊದಿಕೆ ಮಾತ್ರ ಬೇರೆ. ಹಳದಿಯವು ಕೊಳೆಯಾದವೆಂದು ಪೀರಮ್ಮ ಹೋದ ವಾರವಷ್ಟೇ ನೀಲಿ ಹೊಲಿದು ಹಾಕಿದ್ದಳು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಪೀರಮ್ಮ ತಾನೇ ಹೊಲಿದ ದಿಂಬನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಮೇಲೆ ಕೈ ಮುಚ್ಚಿ ಕೂತಳು. ಹೊಲಿಗೆ ಕಂಡೀತು ಎನ್ನುವ ಹಾಗೆ.

ಪಾಪ, ನಿಜವಾದ ಸೋಫಾಗಳನ್ನೆಲ್ಲ ಸುಳ್ಳೆಂದು ತಿಳಿದವನ ಮುಂದೆ ಕೊನೆಗೂ ಸುಳ್ಳು ಸೋಫಾ ಬಂದಿತ್ತು, ಈಗ ಮಾತಾಡುವ ಹಾಗಿಲ್ಲ. ಮಾತಾಡಿದರೆ ಕಸುಬಿನ ಕಟ್ಟಳೆ ಮುರಿಯಿತು, ಮಗಳ ಸಂಬಂಧವೂ ಹರಿಯಿತು. ಸುಮ್ಮನಿದ್ದರೆ ಮಗಳನ್ನು ಗೊತ್ತಿದ್ದೂ ಗೊತ್ತಿದ್ದೂ ಬಾಡಿಗೆ ಹಾಲಿಗೆ ಕೊಟ್ಟ ಹಾಗಾಯಿತು. ನೀಲಿ ಬೆಳಕಿನ ಹಿಂದೆ ಏನಿದೆಯೋ, ಯಾವ ಕುಣಿ ಗುಂಡಿ ಇದೆಯೋ ಯಾರಿಗೆ ಗೊತ್ತು? ಅಂತಹ ಎಂಬತ್ತು ಮನೆಗಳ ಕುಣಿ ಮುಚ್ಚಿ ಕೊಟ್ಟವನು ತಾನೇ. ಅವನ ಅಂಗಿಯ ಬೆನ್ನು ಒದ್ದೆಯಾಗಿ ಸೋಫಾಕ್ಕೆ ಅಂಟಿಕೊಂಡಿತು.

ಭೀಮಲಿಂಗಪ್ಪ ಸೋಫಾವನ್ನು ಎರಡು ಸಲ ಒತ್ತಿ ನೋಡಿ ತೀರ್ಪು ಕೊಟ್ಟ.

"ನೋಡು ಉಚ್ಚೀರಪ್ಪಾ, ಇದು ಸ್ವಂತದ ಸಾಮಾನು. ಬಾಡಿಗಿ ಮಾಲು ಕುಂತ್ರ ಗೊತ್ತಾಗತೈತಿ, ಕುಂಡಿಗೆ ಮೋಸ ಮಾಡಾಕ ಆಗಲ್ಲ."

ನಾಗಭೂಷಣ ಕೆಮ್ಮಿದ. ಇದು ಉಚ್ಚೀರಪ್ಪನ ಸೆಟ್ಟು ಅಂತ ಅವನಿಗಾಗಲಿ ಜಗದೀಶನಿಗಾಗಲಿ ಗೊತ್ತಿರಲಿಲ್ಲ. ಬೂದು ಸೋಫಾ, ಬುದ್ಧನ ತಲೆ ಈಗ ಯಾರ ಹಾಲಿನಲ್ಲಿಲ್ಲ? ಆದೋನಿಯಲ್ಲಿ ಹಳದಿ ದಿಂಬು ನೋಡಿದ್ದರು, ಇಲ್ಲಿ ನೀಲಿ ಬಂದಿತ್ತು. ಗಂಡಸು ಅದಕ್ಕಿಂತ ಹೆಚ್ಚು ಏನು ನೋಡುತ್ತಾನೆ? ಚಹಾ ಬಂತು, ಮಿಕ್ಸ್ಚರ್ ಬಂತು. ಮಳೆ ಮಾತಾಯಿತು. ಎಲ್ಲ ಸುಸೂತ್ರ ನಡೆದಿತ್ತು. ಆಗ ಒಳಗಿನಿಂದ ಉರುಕುಂದಮ್ಮ ಬಂದಳು. ಬೆಳಿಗ್ಗೆಯಿಂದ ಅಡುಗೆಮನೆಯಲ್ಲೇ ಇದ್ದ ಮುದುಕಿ ಈಗ ಬೀಗಿತಿಯ ಪಕ್ಕ ಕೂರಬೇಕೆಂದು ಬಂದು ಸೋಫಾದ ಮೂಲೆಯಲ್ಲಿ ಭಾರ ಬಿಟ್ಟಳು. ಬಿಟ್ಟವಳು ಒಂದು ಕಡೆಗೆ ಸರಿದಳು. ಕೈಯಿಂದ ಕೆಳಗೆ ತಡಕಿದಳು.

"ಯವ್ವಾ, ಇದು ನಿಮ್ಮದ ಸೋಫಾ ಅಲ್ಲೇನು?" ಎಂದು ಪೀರಮ್ಮನನ್ನು ಕೇಳಿದಳು. "ಆದೋನ್ಯಾಗ ಕುಂತಾಗೂ ಇಲ್ಲೇ ಕಟಿಗಿ ಎದ್ದು ಚುಚ್ಚಿತ್ತು."

ಹನ್ನೊಂದು ಮಂದಿಯ ಮಿಕ್ಸ್ಚರ್ ಬಾಯಲ್ಲೇ ನಿಂತಿತು.

ಆಗ ಇಬ್ಬರು ಅಪ್ಪಂದಿರು ಒಂದೇ ಬಾಯಿಂದ ಮಾತಾಡಿದರಂತೆ. ಅದೊಂದೇ ಕಂಪನಿ ಇರಬೇಕು ಎಂದು ನಾಗಭೂಷಣ. ಹೌದು ಹೌದು, ಕಂಪನಿಯವರು ಸಾವಿರಗಟ್ಟಲೆ ಒಂದೇ ನಮೂನೆ ಮಾಡುತ್ತಾರೆ ಎಂದು ಉಚ್ಚೀರಪ್ಪ. ನಮಗೆ ಕರ್ನೂಲಿನಲ್ಲಿ ಸಿಕ್ಕಿತು, ನಿಮಗೆ ಎಲ್ಲಿ ಸಿಕ್ಕಿತು ಬೀಗರೇ ಎಂದು ಇವನು. ನಮಗೆ ಬಳ್ಳಾರಿಯಲ್ಲಿ ಎಂದು ಅವನು. ಸೋಫಾ ಒಂದು, ಅಂಗಡಿ ಎರಡು. ಬೀಗತನಕ್ಕೆ ಅಷ್ಟು ಹೊಂದಾಣಿಕೆ ಸಾಕಿತ್ತು.

"ಕಂಪ್ನಿಯವ್ರು ಚುಚ್ಚಾದೂ ಒಂದ ಜಾಗಕ್ಕ ಇಟ್ಟಿರತಾರೇನು?" ಎಂದಳು ಉರುಕುಂದಮ್ಮ.

ಚಹಾದ ತಟ್ಟೆ ಹಿಡಿದು ನಿಂತಿದ್ದ ಜಗದೀಶ ತಟ್ಟೆಯನ್ನು ಟೀಪಾಯಿ ಮೇಲಿಟ್ಟ.

"ಸಾಕು ಬಿಡಪ್ಪಾ," ಎಂದು ತಂದೆಗೆ ಹೇಳಿ ಉಚ್ಚೀರಪ್ಪನ ಕಡೆ ತಿರುಗಿದ. "ಮಾವಾ, ಇದು ಬಾಡಿಗಿದು. ಯಂಕಣ್ಣನ ಕಡಿಂದ ನಾನ ತಂದೀನಿ. ಸೋಫಾನೂ ನಮ್ಮದಲ್ಲ, ಪರದಿನೂ ನಮ್ಮದಲ್ಲ, ಆ ಬುದ್ಧನೂ ನಮ್ಮಾವ ಅಲ್ಲ. ಗ್ವಾಡಿ ನಮ್ಮದು, ನೆಲ ನಮ್ಮದು. ಮೊದಲೆರಡು ಸಂಬಂಧದವ್ರು ಬರೀ ಗ್ವಾಡಿ ನೋಡಿ ಎದ್ದು ಹೋದ್ರು, ಅದಕ್ಕ ತಂದೆ."

ಭೀಮಲಿಂಗಪ್ಪ ಎದ್ದು ಹೆಗಲ ಮೇಲಿನ ಟವಲ್ ಜಾಡಿಸಿದ. ಅವನಿಗೆ ಸಿಟ್ಟು ಬಂದದ್ದು ಬಾಡಿಗೆಗಲ್ಲ, ತನ್ನ ತೀರ್ಪು ಸುಳ್ಳಾದದ್ದಕ್ಕೆ. ಬಾಡಿಗೆ ತಂದು ಕಣ್ಣಿಗೆ ಮಣ್ಣು ಎರಚುವ ಮನೆಗೆ ನಮ್ಮ ಹುಡುಗಿಯನ್ನು ಕೊಡುವುದಿಲ್ಲ, ಎಲ್ಲರೂ ಜೀಪು ಹತ್ತಿರಿ ಎಂದ. ಹೆಂಗಸರು ಅರ್ಧ ಎದ್ದರು. ನಾಗಭೂಷಣ ಕೈ ಜೋಡಿಸಿದ. ಜಗದೀಶ ಕೈ ಜೋಡಿಸಲಿಲ್ಲ, ಗೋಡೆ ನೋಡುತ್ತ ನಿಂತ.

ಉಚ್ಚೀರಪ್ಪ ಏಳಲಿಲ್ಲ. ಅವನು ಕೂತೇ ಇದ್ದದ್ದು ಜೀವನದಲ್ಲಿ ಅದೇ ಮೊದಲಿರಬೇಕು.

"ಭಾವಾ, ಕುಂದ್ರು," ಎಂದ. "ಹೋದ ವರ್ಷ ನಿನ್ನ ಮಗನ ಮನಿ ನೋಡಾಕ ಬಂದ ದಿನ ಬಿ ಸೆಟ್ಟು ಎಲ್ಲಿತ್ತು ಅಂತ ನನ್ನ ಬಾಯಿಲೆ ಹೇಳಿಸಬ್ಯಾಡ."

ಭೀಮಲಿಂಗಪ್ಪ ಕೂತ. ಬಿ ಸೆಟ್ಟಿನ ಏಳು ಕುದುರೆಗಳು ಅವನ ಮನೆಯಲ್ಲಿ ಎರಡು ದಿನ ಓಡಿದ್ದು ಅವನ ಹೆಂಡತಿ ಮತ್ತು ಉಚ್ಚೀರಪ್ಪನನ್ನು ಬಿಟ್ಟರೆ ಆ ಜೀಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಅವನ ಹೆಂಡತಿ ಮಿಕ್ಸ್ಚರ್‌ನಲ್ಲಿ ಶೇಂಗಾ ಹುಡುಕತೊಡಗಿದಳು.

ಕಟ್ಟಳೆ ಹೆಂಗೂ ಮುರಿದಿತ್ತು. ಉಚ್ಚೀರಪ್ಪ ಉಳಿದದ್ದನ್ನೂ ಹೇಳಿಬಿಟ್ಟ: ಸೋಫಾ ನನ್ನದು, ಪರದೆ ನನ್ನದು, ಯಂಕಣ್ಣ ನನ್ನ ಹತ್ತಿರವೇ ಒಯ್ಯುತ್ತಾನೆ, ನನ್ನ ಮನೆಯಲ್ಲೂ ಸೋಫಾ ಇಲ್ಲ, ಆವತ್ತು ನೀವು ಕೂತದ್ದೂ ಇದರ ಮೇಲೆಯೇ. ಉರುಕುಂದಮ್ಮ, ನಾ ಹೇಳಲಿಲ್ಲವೇ ಎಂಬಂತೆ ಎಲ್ಲರ ಮುಖ ನೋಡಿದಳು.

ಆಮೇಲೆ ಉಚ್ಚೀರಪ್ಪ ಎದ್ದು ಮಗಳಿಗೆ ಕೊಟ್ಟ ಮಾತು ಮರೆತು ಗೋಡೆಯ ಹತ್ತಿರ ಹೋದ. ವಾಲ್‌ಪೇಪರಿನ ಜೋಡಣೆಯ ಮೇಲೆ ಬೆರಳು ಎಳೆದ. ಒಂದು ಹಾಳೆಯ ಕಲ್ಲು ಇನ್ನೊಂದು ಹಾಳೆಯ ಕಲ್ಲಿಗೆ ಗೆರೆ ತಪ್ಪದೆ ಕೂಡಿತ್ತು. ಎಲ್ಲೂ ಗಾಳಿಗುಳ್ಳೆ ಇಲ್ಲ. ಮೂಲೆಯಲ್ಲಿ ಉಗುರು ಹಾಕಿ ಎತ್ತಿದ. ಹಾಳೆಯ ಹಿಂದೆ ಸುಣ್ಣ ಕಾಣಲಿಲ್ಲ. ಹಳೆ ನ್ಯೂಸ್ ಪೇಪರು ಕಂಡಿತು.

"ಇದನ್ನ ಯಾರು ಹಚ್ಚಿದ್ರು?"

"ನಾನ ಹಚ್ಚೀನಿ ಮಾವಾ," ಎಂದ ಜಗದೀಶ. "ನಮ್ಮ ಗ್ವಾಡಿ ಸುಣ್ಣ ಉದುರತೈತಿ. ಹಾಳಿಗೆ ಸುಣ್ಣ ಹತ್ತಿದ್ರ ಅದು ಕೆಡತೈತಲ್ಲ? ಇನ್ನೊಬ್ಬರ ಮನಿಗೆ ಹೋಗಾ ಸಾಮಾನು. ಅದಕ್ಕ ಮೊದ್ಲು ಗಂಜಿ ಹಾಕಿ ಪೇಪರ್ ಹಚ್ಚಿ, ಅದರ ಮ್ಯಾಲ ಇದನ್ನ ಹಚ್ಚೀನಿ."

ಉಚ್ಚೀರಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆರೇಳು ವರ್ಷ, ಎಂಬತ್ತು ಮನೆ. ಹಾಳೆಯ ಜೊತೆ ಗೋಡೆಯ ಹೆಂಟೆಯನ್ನೇ ಕಿತ್ತು ಕಳಿಸಿದವರಿದ್ದರು, ಹರಿದು ಬಚ್ಚಿಟ್ಟು ಕಳಿಸಿದವರಿದ್ದರು, ಬುದ್ಧನ ತಲೆ ಒಡೆದವರಿದ್ದರು. ಮನೆ ನೋಡುವ ದಿನ ಮುಗಿದ ಮೇಲೆ ಆ ಹಾಳೆ ಎಲ್ಲಿಗೆ ಹೋಗುತ್ತದೆಂದು ಯೋಚಿಸಿದ ಮನುಷ್ಯ ಒಬ್ಬನೂ ಸಿಕ್ಕಿರಲಿಲ್ಲ. ಅವನು ಹಾಳೆಯ ಮೂಲೆಯನ್ನು ಮತ್ತೆ ಒತ್ತಿ ಅಂಟಿಸಿದ.

"ನಾಗಭೂಷಣಪ್ಪಾ, ನನಗ ಹುಡುಗ ಒಪ್ಪಿಗಿ ಐತಿ. ತಾರೀಖು ನೋಡ್ರಿ."

ಉರುಕುಂದಮ್ಮ ಸೋಫಾದ ಮೂಲೆಯಿಂದ ಇಳಿದು ನೆಲದ ಮೇಲೆ ಕಾಲು ಚಾಚಿ ಕೂತು, "ಸೋಫಾ ಒಯ್ಯಿರಿ, ಹುಡುಗೀನ ಕಳಸ್ರಿ. ನಮಗೂ ಒಪ್ಪಿಗಿ," ಎಂದಳು. ಪೀರಮ್ಮನೂ ಇಳಿದು ಪಕ್ಕದಲ್ಲಿ ಕೂತಳು. ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ನೆಲಕ್ಕೆ ಬಂದರು. ಕೊನೆಗೆ ಸೋಫಾದ ಮೇಲೆ ಉಳಿದವನು ಭೀಮಲಿಂಗಪ್ಪ ಒಬ್ಬನೇ. ಅವನಿಗೆ ಇಳಿಯಲು ಮರ್ಯಾದೆ ಬಿಡಲಿಲ್ಲ, ಕೂರಲು ಕಟ್ಟಿಗೆ ಬಿಡಲಿಲ್ಲ.

ಊಟ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಗೂಡ್ಸ್ ಆಟೋ ನಿಂತಿತು. ಯಂಕಣ್ಣ ಒಳಗೆ ಬಂದು ಉಚ್ಚೀರಪ್ಪನನ್ನು ನೋಡಿ ಗರ ಬಡಿದವನಂತೆ ನಿಂತ. ಸಾಮಾನು ಪರೀಕ್ಷೆ ಮಾಡಲು ಮಾಲೀಕನೇ ಬಂದಿದ್ದಾನೆಂದು ತಿಳಿದ. ನಾಳೆ ಬೆಳಿಗ್ಗೆ ಇದೇ ಆಲೂರಿನ ಇನ್ನೊಂದು ಓಣಿಯಲ್ಲಿ ಮನೆ ನೋಡುವುದಿತ್ತು, ಸೆಟ್ಟು ಸಂಜೆಯೊಳಗೆ ಅಲ್ಲಿ ನಿಲ್ಲಬೇಕಿತ್ತು. ಯಂಕಣ್ಣನ ಆಳು ಕೈಕೊಟ್ಟಿದ್ದ. ಒಬ್ಬನೇ ಸೋಫಾದ ಕಾಲು ಹಿಡಿದು ದರದರ ಎಳೆಯತೊಡಗಿದ.

ಅಲ್ಲಿಯವರೆಗೆ ಹೆಣ್ಣಿನ ತಂದೆಯಾಗಿ ಗಂಭೀರವಾಗಿದ್ದ ಉಚ್ಚೀರಪ್ಪನಿಗೆ ಅದನ್ನು ನೋಡಿಕೊಂಡು ಕೂರಲಾಗಲಿಲ್ಲ. ಅಂಗಿಯ ತೋಳು ಮಡಚಿ ಒಂದು ಕಡೆ ತಾನು ಹಿಡಿದ, ಇನ್ನೊಂದು ಕಡೆ ಅಳಿಯನಿಗೆ ಹಿಡಿ ಎಂದ. ಜಗದೀಶ ಮೊದಲು ಬಾಗಿಲಿನ ಅಗಲವನ್ನು ಗೇಣಿನಿಂದ ಅಳೆದ, ಆಮೇಲೆ ಸೋಫಾವನ್ನು ಓರೆ ಮಾಡಿದ. ಉಚ್ಚೀರಪ್ಪನಿಗೆ ಅದೂ ಹಿಡಿಸಿತು. ಪೀರಮ್ಮ, ಮಗಳ ನಿಶ್ಚಯದ ದಿನ ಹಮಾಲಿ ಮಾಡುತ್ತೀರಲ್ಲ, ಜೀಪು ಕಾಯುತ್ತಿದೆ ಎಂದು ಕೂಗಿದರೆ, ನೀವು ನಡೆಯಿರಿ, ನಾನು ಸಾಮಾನಿನ ಜೊತೆ ಬರುತ್ತೇನೆ ಎಂದ.

ಹಂಗಾಗಿ ಉಚ್ಚೀರಪ್ಪ ಮೊದಲ ಸಲ ತನ್ನ ಸೆಟ್ಟು ಹೋಗುವ ಮನೆಯ ಒಳಗೆ ತಾನೇ ಹೋದ. ಇಷ್ಟನ್ನು ನನಗೆ ಹೇಳಿದವನು ಯಂಕಣ್ಣ. ಆ ಮನೆಯ ಯಜಮಾನಿಗೆ ಇವನು ಯಾರೆಂದು ಗೊತ್ತಿಲ್ಲ. ಯಂಕಣ್ಣನ ಆಳು ಎಂದುಕೊಂಡಳು. ನಾಳೆ ದೊಡ್ಡ ಮಂದಿ ಬರುತ್ತಾರೆ, ಸೋಫಾ ಆ ಕಡೆ ಇಡು, ಇಲ್ಲ ಈ ಕಡೆ ಇಡು ಎಂದು ಮೂರು ಸಲ ಎತ್ತಿಸಿದಳು. ಇವನು ಎತ್ತಿದ. ಉದುರುವ ಸುಣ್ಣದ ಗೋಡೆಗೆ ಹಳೆ ಪೇಪರು ಕೇಳಿ ಇಸಕೊಂಡು, ಗಂಜಿ ಕಾಯಿಸಲು ಹೇಳಿ, ಬೆಳಿಗ್ಗೆ ಕಲಿತ ಹಾಗೆ ಹಚ್ಚಿ, ಅದರ ಮೇಲೆ ಕಲ್ಲಿನ ಹಾಳೆ ಕೂಡಿಸಿದ. ನೀಲಿ ಲೈಟು ಹೊತ್ತಿದಾಗ ಯಜಮಾನಿ ಕೆನ್ನೆಗೆ ಕೈ ಹಚ್ಚಿ ನಿಂತಳು. ಖುಷಿಗೆ ಒಂದು ಲೋಟ ಚಹಾ ಕೊಟ್ಟು ಮಾತಿಗೆ ಕೇಳಿದಳು.

"ನಿನಗ ಹೆಣ್ಣುಮಕ್ಕಳು ಅದಾರೇನಪ್ಪಾ?"

"ಒಬ್ಬಾಕಿ ಅದಾಳಮ್ಮಾ. ಇವತ್ತ ಮದಿವಿ ಗೊತ್ತಾತು, ಇದ ಆಲೂರಾಗ."

"ಚಲೋ ಆತು ಬಿಡು. ಮನಿ ಹ್ಯಾಂಗೈತಿ?"

ಉಚ್ಚೀರಪ್ಪ ಚಹಾ ಊದುತ್ತ ಗೋಡೆ ನೋಡಿದ, ಪರದೆ ನೋಡಿದ, ಸೋಫಾ ನೋಡಿದ.

"ಥೇಟ್ ನಿಮ್ಮ ಮನಿ ಇದ್ದಂಗ ಐತಮ್ಮಾ," ಎಂದ.